ಸಂಘಗಳನ್ನು ಸೇರಿಸುವುದು ಬೇಡ, ಕಾಗದಗಳನ್ನು ಸೇರಿಸಿ

ಲುಸಾಕಾ, ಅರುಷಾ, ಗ್ಯಾಬರೋನ್‌ಗಳಲ್ಲಿರುವ ಮೂರು ಪ್ರಧಾನ ಕಚೇರಿಗಳ ಮುಖ್ಯಸ್ಥರಿಗೆ ಮತ್ತು ಅವುಗಳ ಸದಸ್ಯ ದೇಶಗಳ ವಾಣಿಜ್ಯ ಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಕೊಮೆಸಾ, ಪೂರ್ವ ಆಫ್ರಿಕಾ ಸಮುದಾಯ, ಸ್ಯಾಡಕ್. ಆಫ್ರಿಕಾದ ದೇಶಗಳ ಈ ಮೂರು ವ್ಯಾಪಾರ ಗುಂಪುಗಳನ್ನೂ ಸೇರಿಸಿ ಒಂದೇ ಮಾಡಬೇಕೋ, ಈಗಿರುವ ಹಾಗೆ ಬೇರೆ ಬೇರೆ ಬಿಡಬೇಕೋ ಎಂಬ ಚರ್ಚೆ ಶುರುವಾಗಿ ಬಹಳ ವರ್ಷಗಳಾದವು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಸ್ಥೆಗಳನ್ನು ಸೇರಿಸುವುದು ಬೇಡ. ಗಡಿಯಲ್ಲಿ ಕೇಳುವ ನಿಯಮ, ಕಾಗದ, ಬಾಂಡ್ (ಸುಂಕಕ್ಕೆ ಕೊಡುವ ಜಾಮೀನು) ಇವನ್ನು ಒಂದು ಮಾಡಿ. ಬೇಗ ಮಾಡಿ.

ನಾನು ತಾಂಜಾನಿಯಾದ ದಾರ್ ಎಸ್ ಸಲಾಂನಲ್ಲಿ ಕ್ಲಿಯರಿಂಗ್ ಕೆಲಸದಲ್ಲಿ, ಅಂದರೆ ಬಂದರಿಗೆ ಬಂದ ಸರಕನ್ನು ಸುಂಕದವರಿಂದ ಬಿಡಿಸಿಕೊಡುವ ಕೆಲಸದಲ್ಲಿರುವವನು. ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂತ ಕೇಳಬಹುದು. ಇಲ್ಲೂ ನೈರೋಬಿ, ಕಂಪಾಲಾ, ಲುಸಾಕಾದಲ್ಲೂ ನಮ್ಮ ಕಡೆಯವರು ಇದ್ದಾರೆ. ಅಂಗಡಿ, ಕಾರ್ಖಾನೆ, ಲೆಕ್ಕಪತ್ರ, ಸಾಗಣೆ ಹೀಗೆ ನಾನಾ ಕೆಲಸ ಮಾಡುತ್ತಾರೆ. ಬೆಂಗಳೂರಿನಿಂದ ಔಷಧಿ, ಯಂತ್ರದ ಬಿಡಿಭಾಗ ಕಳಿಸುವವರೂ ಇದ್ದಾರೆ. ಇಂಗ್ಲಿಷಿನಲ್ಲಿ ಈ ವಿಷಯದ ವರದಿಗಳು ರಾಶಿ ಬಿದ್ದಿವೆ. ಆದರೆ ನಮ್ಮವರು ಕೂತು ಓದಿ, ಹೌದು ಅಥವಾ ಅಲ್ಲ ಅಂತ ವಾದ ಮಾಡುವ ಹಾಗೆ ನಮ್ಮ ಮಾತಿನಲ್ಲಿ ನನಗೆ ಏನೂ ಸಿಗಲಿಲ್ಲ. ಮೊದಲು ಅವರು ಓದಲಿ. ನಿಮಗೆ ಅನುವಾದ ಮಾಡಿ ತಲುಪಿಸುವ ಜವಾಬ್ದಾರಿ ನನ್ನದು.

ಹೊಸಬರಿಗಾಗಿ ಎರಡು ಮಾತು. ಕೊಮೆಸಾ ಅಂದರೆ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಸಾಮಾನ್ಯ ಮಾರುಕಟ್ಟೆ. ಈಜಿಪ್ಟಿನಿಂದ ಎಸ್ವಾತಿನಿಯವರೆಗೆ 21 ದೇಶಗಳು, ಕಚೇರಿ ಲುಸಾಕಾದಲ್ಲಿ. ಸ್ಯಾಡಕ್ ದಕ್ಷಿಣದ 16 ದೇಶಗಳ ಗುಂಪು, ಕಚೇರಿ ಗ್ಯಾಬರೋನ್‌ನಲ್ಲಿ. ಪೂರ್ವ ಆಫ್ರಿಕಾ ಸಮುದಾಯದಲ್ಲಿ ಈಗ 8 ದೇಶಗಳಿವೆ, ಕಚೇರಿ ಅರುಷಾದಲ್ಲಿ. ಈ ಮೂರರ ಪಟ್ಟಿಗಳು ಒಂದರ ಮೇಲೊಂದು ಬಿದ್ದಿವೆ. ಕೀನ್ಯಾ, ಉಗಾಂಡಾ, ರುವಾಂಡಾ, ಬುರುಂಡಿ ಪೂರ್ವ ಆಫ್ರಿಕಾ ಸಮುದಾಯದಲ್ಲೂ ಇವೆ, ಕೊಮೆಸಾದಲ್ಲೂ ಇವೆ. ಜಾಂಬಿಯಾ, ಮಲಾವಿ, ಜಿಂಬಾಬ್ವೆ ಕೊಮೆಸಾದಲ್ಲೂ ಸ್ಯಾಡಕ್‌ನಲ್ಲೂ ಇವೆ. ನಾನಿರುವ ತಾಂಜಾನಿಯಾ 2000ರಲ್ಲಿ ಕೊಮೆಸಾ ಬಿಟ್ಟಿತು, ಹಾಗಾಗಿ ಸ್ಯಾಡಕ್ ಮತ್ತು ಪೂರ್ವ ಆಫ್ರಿಕಾ ಸಮುದಾಯ ಎರಡರಲ್ಲಿ ಮಾತ್ರ ಇದೆ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ, ಅಂದರೆ ಕಿನ್ಶಾಸಾ ರಾಜಧಾನಿಯಾಗಿರುವ ದೊಡ್ಡ ಕಾಂಗೋ, ಈ ಮೂರರಲ್ಲೂ ಇದೆ. ಮೇಲಿಂದ ಮಧ್ಯ ಆಫ್ರಿಕಾದ ಇನ್ನೊಂದು ಗುಂಪಿನಲ್ಲೂ ಇದೆ.

ಇದರಿಂದ ಏನಾಗುತ್ತದೆ? ಮೂರು ದೇಶಗಳನ್ನು ತೆಗೆದುಕೊಳ್ಳಿ: ಕೀನ್ಯಾ, ತಾಂಜಾನಿಯಾ, ಜಾಂಬಿಯಾ. ಕೀನ್ಯಾದ ಸರಕು ತಾಂಜಾನಿಯಾಕ್ಕೆ ಬಂದರೆ ಪೂರ್ವ ಆಫ್ರಿಕಾ ಸಮುದಾಯದ ನಿಯಮ. ಅದೇ ಸರಕು ಜಾಂಬಿಯಾಕ್ಕೆ ಹೋದರೆ ಕೊಮೆಸಾ ನಿಯಮ. ತಾಂಜಾನಿಯಾದಿಂದ ಜಾಂಬಿಯಾಕ್ಕೆ ಹೋದರೆ ಸ್ಯಾಡಕ್ ನಿಯಮ. ಒಂದೇ ಹೆದ್ದಾರಿ, ಒಂದೇ ಲಾರಿ, ಆದರೆ ಮೂಲದ ಸರ್ಟಿಫಿಕೇಟ್ ಮೂರು ಥರ. ಕಾಗದದ ಬಣ್ಣ ಬೇರೆ ಅಂತ ಮಾತ್ರ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಒಂದು ವಸ್ತು 'ಇಲ್ಲೇ ತಯಾರಾದದ್ದು' ಹೌದೋ ಅಲ್ಲವೋ ಎಂಬ ತೀರ್ಮಾನವೇ ಮೂರು ಕಡೆ ಬೇರೆ ಬೇರೆ.

ಜಾಂಬಿಯಾದಲ್ಲಿ ಹೊರಗಿನಿಂದ ತರಿಸಿದ ಬಟ್ಟೆಯಿಂದ ಶರ್ಟ್ ಹೊಲಿಯುವ ಕಾರ್ಖಾನೆ ಇದೆ ಅಂತ ಇಟ್ಟುಕೊಳ್ಳಿ. ಕೊಮೆಸಾ ಲೆಕ್ಕದಲ್ಲಿ ಶೇ 35ರಷ್ಟು ಮೌಲ್ಯ ಇಲ್ಲೇ ಸೇರಿದ್ದರೆ ಸಾಕು, ಆ ಶರ್ಟು ಸುಂಕವಿಲ್ಲದೆ ಕೀನ್ಯಾಕ್ಕೆ ಹೋಗಬಹುದು. ಸ್ಯಾಡಕ್ ಲೆಕ್ಕ ಅದಲ್ಲ. ಹೊಲಿದರೆ ಸಾಲದು, ಬಟ್ಟೆಯನ್ನೂ ಈ ಪ್ರದೇಶದಲ್ಲೇ ನೇಯ್ದಿರಬೇಕು. ಹಾಗಾಗಿ ಅದೇ ಶರ್ಟು ಗಡಿಗೆ ಗಡಿ ಅಂಟಿಕೊಂಡಿರುವ ತಾಂಜಾನಿಯಾಕ್ಕೆ ಬಂದರೆ ಪೂರ್ತಿ ಸುಂಕ ಕಟ್ಟಬೇಕು, ತಾಂಜಾನಿಯಾ ದಾಟಿ ಆಚೆಯ ಕೀನ್ಯಾಕ್ಕೆ ಹೋದರೆ ಸುಂಕ ಇಲ್ಲ! ಪಕ್ಕದವನಿಗೆ ಮಾರುವುದಕ್ಕಿಂತ ದೂರದವನಿಗೆ ಮಾರುವುದು ಸುಲಭ ಅನ್ನುವ ಪರಿಸ್ಥಿತಿ ಇದು. ದೊಡ್ಡ ಕಂಪನಿಗಳಾದರೆ ವಕೀಲರನ್ನಿಟ್ಟು, ಯಾವ ಸರಕು ಯಾವ ಗುಂಪಿನ ನಿಯಮಕ್ಕೆ ಹೊಂದುತ್ತದೆ ಅಂತ ಲೆಕ್ಕ ಹಾಕಿಸುತ್ತವೆ. ಹತ್ತು ಹೊಲಿಗೆ ಮೆಷಿನ್ ಇಟ್ಟುಕೊಂಡವರು ಏನು ಮಾಡಬೇಕು? ಅವರು ಸುಮ್ನೆ ಊರಲ್ಲೇ ಮಾರಿಕೊಳ್ಳುತ್ತಾರೆ, ಇಲ್ಲವಾದರೆ ಕಾಗದವೇ ಇಲ್ಲದೆ ಗಡಿ ದಾಟಿಸುತ್ತಾರೆ. ಆಫ್ರಿಕಾದ ಒಟ್ಟು ವ್ಯಾಪಾರದಲ್ಲಿ ಆಫ್ರಿಕಾದ ದೇಶಗಳ ನಡುವೆಯೇ ನಡೆಯುವುದು ಸುಮಾರು ಶೇ 15 ಮಾತ್ರ ಎಂದು ನಿಮ್ಮ ಸಭೆಗಳಲ್ಲಿ ಪ್ರತಿ ಸಲ ಬೇಸರ ಪಡುತ್ತೀರಿ. ರಸ್ತೆ, ಬಂದರು, ವಿದ್ಯುತ್ ಎಲ್ಲವೂ ಅದಕ್ಕೆ ಕಾರಣ, ಒಪ್ಪುತ್ತೇನೆ. ಆದರೆ ಈ ಶರ್ಟಿನ ಕಥೆಯೂ ಕಾರಣ. ಇದನ್ನು ಸರಿಪಡಿಸಲು ಸಿಮೆಂಟು ಬೇಡ, ಸಹಿ ಸಾಕು.

ಇನ್ನೊಂದು ತೊಡಕು ಹೊರಗಿನ ಸುಂಕದ್ದು. ಒಂದು ದೇಶ ಎರಡು ಮುಕ್ತ ವ್ಯಾಪಾರ ಒಪ್ಪಂದಗಳಲ್ಲಿ ಇರಬಹುದು. ಎರಡು ಸುಂಕ ಒಕ್ಕೂಟಗಳಲ್ಲಿ ಮಾತ್ರ ಇರಲು ಆಗುವುದಿಲ್ಲ, ಯಾಕೆಂದರೆ ಸುಂಕ ಒಕ್ಕೂಟ ಅಂದರೆ ಹೊರಗಿನಿಂದ ಬರುವ ಸರಕಿಗೆ ಎಲ್ಲ ಸದಸ್ಯರೂ ಒಂದೇ ದರ ಹಾಕುವುದು. ಒಂದು ಚೀಲ ಅಕ್ಕಿಗೆ ಎರಡು 'ಒಂದೇ ದರ' ಹೇಗೆ ಹಾಕುತ್ತೀರಿ? ಪೂರ್ವ ಆಫ್ರಿಕಾ ಸಮುದಾಯ 2005ರಿಂದ ಸುಂಕ ಒಕ್ಕೂಟ. ಕೊಮೆಸಾ 2009ರಲ್ಲಿ ವಿಕ್ಟೋರಿಯಾ ಫಾಲ್ಸ್‌ನಲ್ಲಿ ತನ್ನದೇ ಸುಂಕ ಒಕ್ಕೂಟವನ್ನು ಘೋಷಿಸಿತು. ಅದು ಇವತ್ತಿಗೂ ನೆಲಕ್ಕೆ ಇಳಿದಿಲ್ಲ. ಹೇಗೆ ಇಳಿಯುತ್ತದೆ, ಅದರ ಹಲವು ಸದಸ್ಯರು ಆಗಲೇ ಅರುಷಾದ ಒಕ್ಕೂಟದಲ್ಲಿದ್ದರು. ಎಸ್ವಾತಿನಿಯಂತೂ ದಕ್ಷಿಣ ಆಫ್ರಿಕಾದ ಜೊತೆ ಹಳೆಯ ಸುಂಕ ಒಕ್ಕೂಟದಲ್ಲಿದೆ.

ಇಷ್ಟು ಓದಿದವರು, ಹಾಗಾದರೆ ಮೂರನ್ನೂ ಸೇರಿಸಿಬಿಟ್ಟರೆ ಮುಗಿಯಿತಲ್ವಾ ಅನ್ನುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮಲಾವಿ, ಬುರುಂಡಿಯಂಥ ಬಡ ದೇಶಗಳು ಎರಡೆರಡು ಕಡೆ ಚಂದಾ ಕಟ್ಟಬೇಕು, ಇರುವ ಕೆಲವೇ ನುರಿತ ಅಧಿಕಾರಿಗಳನ್ನು ವರ್ಷವಿಡೀ ಸಭೆಯಿಂದ ಸಭೆಗೆ ಕಳಿಸಬೇಕು. ಅದೇ ಅಧಿಕಾರಿ ಗಡಿಯಲ್ಲಿ ಕೂತಿದ್ದರೆ ಎಷ್ಟು ಕೆಲಸ ಆಗುತ್ತಿತ್ತು. ಈ ದುಃಖ ನಿಜವಾದದ್ದು. ಆದರೂ ನಾನು ಸೇರಿಸುವುದು ಬೇಡ ಅನ್ನುತ್ತೇನೆ.

ಮೊದಲ ಕಾರಣ ಅರುಷಾದಲ್ಲಿ ಕೂತವರಿಗೇ ಚೆನ್ನಾಗಿ ಗೊತ್ತು. 1967ರಲ್ಲಿ ಕೀನ್ಯಾ, ಉಗಾಂಡಾ, ತಾಂಜಾನಿಯಾ ಸೇರಿ ಮೊದಲ ಪೂರ್ವ ಆಫ್ರಿಕಾ ಸಮುದಾಯ ಕಟ್ಟಿದವು. ಅದು ಬರೀ ವ್ಯಾಪಾರ ಒಪ್ಪಂದ ಆಗಿರಲಿಲ್ಲ. ರೈಲು ಒಂದೇ, ಬಂದರು ಆಡಳಿತ ಒಂದೇ, ಅಂಚೆ ಒಂದೇ, ಈಸ್ಟ್ ಆಫ್ರಿಕನ್ ಏರ್‌ವೇಸ್ ಅನ್ನುವ ವಿಮಾನ ಸಂಸ್ಥೆಯೂ ಒಂದೇ. ಈಗಿನ ಯಾವ ಗುಂಪೂ ಅಷ್ಟು ಹತ್ತಿರ ಬಂದಿಲ್ಲ. ಹತ್ತೇ ವರ್ಷ, 1977ರಲ್ಲಿ ಮುರಿದುಬಿತ್ತು. ಲಾಭವೆಲ್ಲ ಕೀನ್ಯಾದ ಕಾರ್ಖಾನೆಗಳಿಗೆ ಹೋಗುತ್ತಿದೆ ಎಂಬ ಸಿಟ್ಟು ಉಳಿದ ಇಬ್ಬರಿಗೂ ಇತ್ತು. ತಾಂಜಾನಿಯಾದ ಅಧ್ಯಕ್ಷ ನ್ಯೆರೆರೆ ಅವರ ಸಮಾಜವಾದಕ್ಕೂ ನೈರೋಬಿಯ ದಾರಿಗೂ ಹೊಂದಲಿಲ್ಲ. 1971ರಲ್ಲಿ ಉಗಾಂಡಾದಲ್ಲಿ ಇದಿ ಅಮೀನ್ ಅಧಿಕಾರ ಹಿಡಿದ ಮೇಲೆ ಅವನ ಜೊತೆ ಒಂದೇ ಮೇಜಿನಲ್ಲಿ ಕೂರಲು ನ್ಯೆರೆರೆ ಒಪ್ಪಲಿಲ್ಲ. ಎಲ್ಲವನ್ನೂ ಒಂದೇ ಸಂಸ್ಥೆಯೊಳಗೆ ಕಟ್ಟಿಟ್ಟಿದ್ದರಿಂದ ಮೂರು ನಾಯಕರ ಜಗಳಕ್ಕೆ ರೈಲೂ ವಿಮಾನವೂ ಅಂಚೆಯೂ ಒಟ್ಟಿಗೇ ಬಲಿಯಾದವು. ಕೀನ್ಯಾ–ತಾಂಜಾನಿಯಾ ಗಡಿ 1983ರವರೆಗೆ ಮುಚ್ಚಿತ್ತು. ಆಸ್ತಿ ಹಂಚಿಕೆ ಒಪ್ಪಂದಕ್ಕೆ 1984 ಬರಬೇಕಾಯಿತು. ಸಮುದಾಯ ಮತ್ತೆ ಹುಟ್ಟಿದ್ದು 1999ರ ಒಪ್ಪಂದದಿಂದ. ಒಂದು ತಲೆಮಾರೇ ಕಳೆದುಹೋಯಿತು. ಮೂರೇ ದೇಶಗಳಿದ್ದಾಗ ಹೀಗಾಯಿತು. ಮೂರು ಗುಂಪುಗಳ ಎಲ್ಲ ದೇಶಗಳನ್ನೂ ಒಂದೇ ಮಾಡಿನ ಕೆಳಗೆ ತಂದರೆ ಜಗಳಗಳು ಕಡಿಮೆಯಾಗುತ್ತವೆಯೇ?

ಎರಡನೆಯದು ಪಶ್ಚಿಮ ಆಫ್ರಿಕಾದಿಂದ. ಅಲ್ಲಿನ ದೇಶಗಳ ಎಕೋವಾಸ್ ಗುಂಪಿನಿಂದ ಮಾಲಿ, ಬುರ್ಕಿನಾ ಫಾಸೊ, ನೈಜರ್ ಮೂರೂ 2025ರ ಜನವರಿಯಲ್ಲಿ ಅಧಿಕೃತವಾಗಿ ಹೊರಬಂದವು. ಸೇನೆ ಅಧಿಕಾರ ಹಿಡಿದದ್ದು, ಅದಕ್ಕೆ ಎಕೋವಾಸ್ ಹಾಕಿದ ನಿರ್ಬಂಧ, ಸೇನೆ ಕಳಿಸುವ ಬೆದರಿಕೆ ಎಲ್ಲ ಸೇರಿ ಅಲ್ಲಿಗೆ ಮುಟ್ಟಿತು. ಅಲ್ಲಿನ ರಾಜಕೀಯಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಿ. ಆ ಮೂರೂ ದೇಶಗಳು ಸಿಎಫ್‌ಎ ಫ್ರಾಂಕ್ ಬಳಸುವ 8 ದೇಶಗಳ ಇನ್ನೊಂದು ಒಕ್ಕೂಟದಲ್ಲಿ ಈಗಲೂ ಇವೆ, ಆ ಒಕ್ಕೂಟದ ಕಚೇರಿ ಇರುವುದೇ ಬುರ್ಕಿನಾದ ರಾಜಧಾನಿ ವಾಗಾಡೂಗುವಿನಲ್ಲಿ. ಹಾಗಾಗಿ ಸೆನೆಗಲ್, ಐವರಿ ಕೋಸ್ಟ್ ಜೊತೆ ಹಣವೂ ಒಂದೇ ಉಳಿಯಿತು, ಸುಂಕದ ನಂಟೂ ಉಳಿಯಿತು. ಎರಡು ಗುಂಪು ಯಾಕೆ, ಎಕೋವಾಸ್‌ನೊಳಗೇ ಕರಗಿಸಿಬಿಡಿ ಅಂತ ಹೇಳುತ್ತಿದ್ದವರ ಮಾತು ಮೊದಲೇ ನಡೆದಿದ್ದರೆ, ಸಮುದ್ರವಿಲ್ಲದ ಆ ಮೂರು ದೇಶಗಳ ಸಾಮಾನ್ಯ ಜನ ಇವತ್ತು ಎರಡನ್ನೂ ಒಂದೇ ದಿನ ಕಳೆದುಕೊಳ್ಳುತ್ತಿದ್ದರು.

ಮೂರನೆಯದು, ಒಂದೇ ಗುಂಪಿನಲ್ಲಿದ್ದರೆ ಗಡಿ ತೆರೆದಿರುತ್ತದೆ ಅನ್ನುವುದೇ ಸುಳ್ಳು. ರುವಾಂಡಾ, ಉಗಾಂಡಾ ಎರಡು ಗುಂಪುಗಳಲ್ಲಿ ಜೊತೆಗಿವೆ. ಆದರೂ ಗಟೂನಾ ಗಡಿ 2019ರ ಫೆಬ್ರವರಿಯಿಂದ 2022ರ ಜನವರಿ ಕೊನೆಯವರೆಗೆ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಕೀನ್ಯಾ 2021ರಲ್ಲಿ ಉಗಾಂಡಾ, ತಾಂಜಾನಿಯಾಗಳ ಜೋಳವನ್ನು ಬೂಷ್ಟಿನ ವಿಷದ ಕಾರಣ ಹೇಳಿ ಒಮ್ಮೆಲೇ ತಡೆಯಿತು. 2025ರ ಏಪ್ರಿಲ್‌ನಲ್ಲಿ ತಾಂಜಾನಿಯಾವೇ ಮಲಾವಿ ಮತ್ತು ದಕ್ಷಿಣ ಆಫ್ರಿಕಾದ ಕೃಷಿ ಸರಕನ್ನು ನಿಲ್ಲಿಸಿತು, ಯಾಕೆಂದರೆ ಅವರು ಅದಕ್ಕೂ ಮೊದಲೇ ತಾಂಜಾನಿಯಾದ ಬಾಳೆಹಣ್ಣು ಮತ್ತಿತರ ಸರಕನ್ನು ನಿಲ್ಲಿಸಿದ್ದರು. ಮೂವರೂ ಸ್ಯಾಡಕ್ ಸದಸ್ಯರೇ. ಮಾತುಕತೆಯಾಗಿ ಕೆಲವೇ ದಿನಗಳಲ್ಲಿ ತಾಂಜಾನಿಯಾ ತನ್ನ ನಿಷೇಧ ಹಿಂತೆಗೆದುಕೊಂಡಿತು, ಒಳ್ಳೆಯದಾಯಿತು. ಆದರೆ ಲಾರಿಯಲ್ಲಿದ್ದ ಹಣ್ಣು ಮಾತುಕತೆಗೆ ಕಾಯುವುದಿಲ್ಲ.

ಇನ್ನು ಸೇರಿಸುವುದಕ್ಕೆ ಹಿಡಿಯುವ ಕಾಲ. ನಿಮ್ಮ ಮೂರೂ ಗುಂಪುಗಳು ಕಂಪಾಲಾದಲ್ಲಿ ಕೂತು ತ್ರಿಪಕ್ಷೀಯ ಮುಕ್ತ ವ್ಯಾಪಾರ ವಲಯ ಮಾಡೋಣ ಅಂದದ್ದು 2008ರ ಅಕ್ಟೋಬರ್‌ನಲ್ಲಿ. ಶರ್ಮ್ ಅಲ್ ಶೇಖ್‌ನಲ್ಲಿ ಸಹಿ ಬಿದ್ದದ್ದು 2015ರ ಜೂನ್‌ನಲ್ಲಿ. 14 ದೇಶಗಳ ಅನುಮೋದನೆ ಬೇಕಿತ್ತು, ಹದಿನಾಲ್ಕನೆಯದಾಗಿ ಅಂಗೋಲಾ ಬಂದ ಮೇಲೆ 2024ರ ಜುಲೈ 25ರಂದು ಜಾರಿಯಾಯಿತು. ಹೆಚ್ಚುಕಡಿಮೆ 16 ವರ್ಷ, ಅದೂ ಸುಂಕದ ಒಪ್ಪಂದ ಒಂದಕ್ಕೆ. ಇನ್ನು ಮೂರು ಸಂಸ್ಥೆಗಳ ನೌಕರರು, ನ್ಯಾಯಾಲಯಗಳು, ಚಂದಾ, ಕಚೇರಿ ಯಾವ ಊರಲ್ಲಿ ಇರಬೇಕು ಅನ್ನುವ ಜಗಳ ಎಲ್ಲ ಬಗೆಹರಿಯುವ ಹೊತ್ತಿಗೆ ಈಗ ಶಾಲೆಗೆ ಹೋಗುತ್ತಿರುವ ಮಕ್ಕಳು ಮಂತ್ರಿಗಳಾಗಿರುತ್ತಾರೆ. ಅಲ್ಲಿಯವರೆಗೆ ಕಾಯಿರಿ ಅಂತ ವ್ಯಾಪಾರಿಗೆ ಹೇಳಲು ನನ್ನಿಂದ ಆಗುವುದಿಲ್ಲ.

ಹಾಗಂತ ಈಗಿರುವ ಹಾಗೇ ಇರಲಿ ಅಂತಲೂ ಅಲ್ಲ. ಕೆಲಸ ಮಾಡುತ್ತಿರುವುದು ಏನು ಅಂತ ನೋಡಿ, ಅದನ್ನು ಬೆಳೆಸಿ. ಕೊಮೆಸಾದ 'ಹಳದಿ ಕಾರ್ಡ್' ಇದೆ, ಗಡಿ ದಾಟುವ ವಾಹನಗಳ ಥರ್ಡ್ ಪಾರ್ಟಿ ವಿಮೆ. ತಾಂಜಾನಿಯಾ ಕೊಮೆಸಾ ಬಿಟ್ಟು ಎಷ್ಟೋ ವರ್ಷವಾಯಿತು, ಹಳದಿ ಕಾರ್ಡ್ ಮಾತ್ರ ಬಿಡಲಿಲ್ಲ. ಡ್ರೈವರ್‌ಗೆ ಉಪಯೋಗ ಇತ್ತು, ಉಳಿಯಿತು, ಅಷ್ಟೇ. ಜಾಂಬೆಜಿ ನದಿಯ ಮೇಲೆ ಜಾಂಬಿಯಾಕ್ಕೂ ಜಿಂಬಾಬ್ವೆಗೂ ನಡುವೆ ಇರುವ ಚಿರುಂಡು ಗಡಿಯಲ್ಲಿ 2009ರ ಡಿಸೆಂಬರ್‌ನಿಂದ ಎರಡೂ ದೇಶದ ಅಧಿಕಾರಿಗಳು ಒಂದೇ ಕಟ್ಟಡದಲ್ಲಿ ಕೂರುತ್ತಾರೆ, ಲಾರಿ ಒಂದೇ ಸಲ ನಿಂತರೆ ಸಾಕು. ಅದಕ್ಕೆ ಯಾವ ಸಂಸ್ಥೆಯೂ ಇನ್ನೊಂದರಲ್ಲಿ ಕರಗಬೇಕಾಗಲಿಲ್ಲ. ಜಾಂಬಿಯಾ, ಜಿಂಬಾಬ್ವೆ, ಬೋಟ್ಸ್ವಾನಾ, ನಮೀಬಿಯಾ ಈ ನಾಲ್ಕು ದೇಶಗಳ ಔಷಧ ನಿಯಂತ್ರಕರು 2013ರಲ್ಲಿ ಒಟ್ಟಿಗೆ ಕೂತು ಹೊಸ ಔಷಧಿಗಳ ಕಡತ ಪರಿಶೀಲಿಸಲು ಶುರು ಮಾಡಿದರು. ಆಮೇಲೆ ಸ್ಯಾಡಕ್‌ನ ಬೇರೆ ದೇಶಗಳೂ ಬಂದು ಸೇರಿಕೊಂಡವು. ನಾಲ್ಕು ದೇಶಕ್ಕೆ ಒಂದೇ ಪರಿಶೀಲನೆ ಅಂದರೆ ಔಷಧಿ ಕಳಿಸುವವರಿಗೆ ಎಷ್ಟು ವ್ಯತ್ಯಾಸ ಅಂತ ಬೆಂಗಳೂರಿನವರನ್ನು ಕೇಳಿ.

ತುರ್ತು ಬಂದಾಗ ನೀವೂ ಒಂದಾಗಿದ್ದೀರಿ. ಕೋವಿಡ್ ಶುರುವಾದಾಗ ಮೂರು ಗುಂಪುಗಳೂ ಲಾರಿ ಡ್ರೈವರ್‌ಗಳಿಗೆ ಮೂರು ಥರ ನಿಯಮ ಹೊರಡಿಸಿದವು. ತಾಂಜಾನಿಯಾ ಕಡೆಗಿರುವ ನಕೊಂಡೆಯ ಗಡಿಯನ್ನು 2020ರ ಮೇ ತಿಂಗಳಲ್ಲಿ ಜಾಂಬಿಯಾ ಕೆಲವು ದಿನ ಮುಚ್ಚಿತು. ಆಮೇಲೆ ಅದೇ ವರ್ಷ ಮೂರೂ ಸೇರಿ ಒಂದೇ ಮಾರ್ಗಸೂಚಿ ಮಾಡಿದಿರಿ. ಪೂರ್ವ ಕಾಂಗೋದ ಬಂಡಾಯದ ವಿಷಯದಲ್ಲೂ ಹಾಗೇ ಆಯಿತು. ಮೊದಲು ಪೂರ್ವ ಆಫ್ರಿಕಾದ ಸೇನೆ ಹೋಯಿತು, ಅದು ಹೊರಟ ಮೇಲೆ ಸ್ಯಾಡಕ್ ಸೇನೆ ಬಂತು, ಮಾತುಕತೆ ಮಾತ್ರ ಲುವಾಂಡಾದಲ್ಲಿ ಒಂದು, ನೈರೋಬಿಯಲ್ಲಿ ಒಂದು. ಗೋಮಾ ನಗರ ಬಂಡುಕೋರರ ಕೈಸೇರಿದ ಮೇಲೆ, 2025ರ ಫೆಬ್ರವರಿ 8ರಂದು ಇದೇ ದಾರ್ ಎಸ್ ಸಲಾಂನಲ್ಲಿ ಎರಡೂ ಗುಂಪಿನ ನಾಯಕರು ಒಟ್ಟಿಗೆ ಕೂತು ಎರಡು ಮಾತುಕತೆಗಳನ್ನು ಒಂದು ಮಾಡಿದರು. ಜನ ಸತ್ತ ಮೇಲೆ ಆಗುವ ಕೆಲಸ ಮೊದಲೇ ಆಗಬಹುದಿತ್ತು ಅನ್ನುವ ನೋವು ನನಗಿದೆ. ಆದರೆ ಬೇಕೆಂದರೆ ಆಗುತ್ತದೆ ಅನ್ನುವುದಂತೂ ಗೊತ್ತಾಯಿತು.

ಇದೆಲ್ಲದರ ಮೇಲೆ ಈಗ ಇಡೀ ಖಂಡದ ಮುಕ್ತ ವ್ಯಾಪಾರ ಒಪ್ಪಂದ ಬಂದಿದೆ. 2018ರ ಮಾರ್ಚ್‌ನಲ್ಲಿ ಕಿಗಾಲಿಯಲ್ಲಿ ಸಹಿ, 2021ರ ಜನವರಿ 1ರಿಂದ ವ್ಯಾಪಾರ ಶುರು ಎಂಬ ಘೋಷಣೆ, ಕಚೇರಿ ಅಕ್ರಾದಲ್ಲಿ. ನನಗೆ ಅದರ ಮೇಲೆ ದೊಡ್ಡ ಭರವಸೆ ಇದೆ. ಅದರ 19ನೇ ವಿಧಿ, ಈಗಾಗಲೇ ತಮ್ಮತಮ್ಮಲ್ಲಿ ಹೆಚ್ಚು ಮುಂದೆ ಹೋಗಿರುವ ಗುಂಪುಗಳು ಹಾಗೇ ಮುಂದುವರಿಯಲಿ ಅನ್ನುತ್ತದೆ. ನ್ಯಾಯವಾದ ಮಾತು. ಆದರೆ ಇದರಿಂದ ನಮ್ಮ ಮೇಜಿಗೆ ನಾಲ್ಕನೆಯ, ಐದನೆಯ ಸರ್ಟಿಫಿಕೇಟ್ ಬಂದು ಬಿದ್ದರೆ? ತ್ರಿಪಕ್ಷೀಯ ಒಪ್ಪಂದದ್ದು ಒಂದು, ಖಂಡದ್ದು ಒಂದು, ಹಳೆಯ ಮೂರು ಹಾಗೇ. ಒಳ್ಳೆಯ ಉದ್ದೇಶದಿಂದಲೇ ಹೊರೆ ಜಾಸ್ತಿಯಾಗುವ ಈ ಅಪಾಯ ನಿಜ. ಸಣ್ಣವರು ಮತ್ತೆ ಊರಲ್ಲೇ ಮಾರಿಕೊಳ್ಳುತ್ತಾರೆ.

ಸಣ್ಣ ದೇಶಗಳ ಭಯವನ್ನೂ ಮರೆಯಬೇಡಿ. ದಕ್ಷಿಣ ಆಫ್ರಿಕಾದ ಸುಂಕ ಒಕ್ಕೂಟ 1910ರದ್ದು, ಈಗ ಜಗತ್ತಿನಲ್ಲಿರುವ ಇಂಥ ಒಕ್ಕೂಟಗಳಲ್ಲೇ ಹಳೆಯದು. ಅಲ್ಲಿ ಸಂಗ್ರಹವಾಗುವ ಸುಂಕದಲ್ಲಿ ಬರುವ ಪಾಲು ಲೆಸೊತೊ, ಎಸ್ವಾತಿನಿ ಸರ್ಕಾರಗಳ ಆದಾಯದ ದೊಡ್ಡ ಭಾಗ. ಅದರಿಂದಲೇ ಶಾಲೆ ಮೇಷ್ಟ್ರ ಸಂಬಳ ಬರುತ್ತದೆ. ಸುಂಕ ತೆಗೆಯೋಣ ಅಂತ ಅವರಿಗೆ ಹೇಳುವುದು ಸುಲಭ, ಆ ಸಂಬಳ ಯಾರು ಕೊಡುತ್ತಾರೆ ಅಂತಲೂ ಹೇಳಬೇಕು. ನಮ್ಮ ದೇಶದಲ್ಲಿ 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅತ್ತಿಬೆಲೆಯಂಥ ರಾಜ್ಯದ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಕರ್ನಾಟಕ, ತಮಿಳುನಾಡು ಒಂದೇ ರಾಜ್ಯ ಆಗಬೇಕಾಗಲಿಲ್ಲ. ರಾಜ್ಯಗಳು ಒಪ್ಪಿದ್ದಕ್ಕೆ ಮುಖ್ಯ ಕಾರಣ, ಆದಾಯ ಕಡಿಮೆಯಾದರೆ ಐದು ವರ್ಷ ಕೇಂದ್ರ ತುಂಬಿಕೊಡುತ್ತದೆ ಎಂಬ ಕಾನೂನು. ನಿಮ್ಮಲ್ಲಿ ಒಂದೇ ಸಂಸತ್ತು ಇಲ್ಲ, ಒಂದೇ ಖಜಾನೆ ಇಲ್ಲ, ಹಾಗಾಗಿ ಇದು ಇನ್ನೂ ಕಷ್ಟ ಅಂತ ಗೊತ್ತು. ಆದರೂ ಪರಿಹಾರ ನಿಧಿ ಇಲ್ಲದೆ ಹೋದರೆ 1977ರ ಸಿಟ್ಟು ಇನ್ನೊಂದು ರೂಪದಲ್ಲಿ ಬರುತ್ತದೆ.

ಹಾಗಾಗಿ ನಾನು ಕೇಳುವುದು ಇಷ್ಟು. ಮೂಲದ ನಿಯಮ ಒಂದೇ ಇರಲಿ, ಸರ್ಟಿಫಿಕೇಟ್ ಒಂದೇ ಇರಲಿ. ಯಾವುದು ಅಂತ ನೀವೇ ಆರಿಸಿ. ನನ್ನ ಮಟ್ಟಿಗೆ ಖಂಡದ ಒಪ್ಪಂದದ್ದೇ ಆಗಲಿ, ಮತ್ತು ಎರಡು ನಿಯಮಗಳ ನಡುವೆ ಅನುಮಾನ ಬಂದಾಗ ಸಣ್ಣ ತಯಾರಕರಿಗೆ ಸುಲಭವಾದದ್ದನ್ನೇ ಉಳಿಸಿ. ಲಾರಿಯ ಸಾಗಣೆ ಬಾಂಡ್ ಮೊಂಬಾಸಾ, ದಾರ್, ಬೈರಾ, ಡರ್ಬನ್ ಯಾವ ಬಂದರಿನಿಂದ ಹೊರಟರೂ ಕಾಂಗೋದ ಲುಬುಂಬಾಶಿಯವರೆಗೆ ಒಂದೇ ನಡೆಯಲಿ. ಪ್ರತಿ ದೇಶವೂ ತಾನು ಸೇರುವ ಸುಂಕ ಒಕ್ಕೂಟ ಯಾವುದು ಅಂತ ಬರೆದು ಕೊಡಲಿ, ಒಂದೇ ಒಂದು. ಉಳಿದ ವಿಷಯಗಳಲ್ಲಿ, ಅಂದರೆ ನದಿ ನೀರು, ವಿದ್ಯುತ್ ಜಾಲ, ಶಾಂತಿ, ರೋಗ ನಿಯಂತ್ರಣದಲ್ಲಿ, ಎಷ್ಟು ಗುಂಪುಗಳಲ್ಲಿ ಬೇಕಾದರೂ ಇರಲಿ, ತೊಂದರೆ ಇಲ್ಲ. ಜಾಂಬೆಜಿ ನದಿಯ ವಿಚಾರ ಈಜಿಪ್ಟಿನವರು ತೀರ್ಮಾನಿಸಬೇಕಾಗಿಲ್ಲ, ನೈಲ್ ವಿಚಾರ ನಮೀಬಿಯಾದವರು ತೀರ್ಮಾನಿಸಬೇಕಾಗಿಲ್ಲ, ಅಲ್ವಾ? ಅದಕ್ಕೇ ಸಂಸ್ಥೆಗಳು ಬೇರೆ ಇರಬೇಕು ಅನ್ನುವುದು.

ತಾಂಜಾನಿಯಾ ಸರ್ಕಾರಕ್ಕೆ ಒಂದು ಮಾತು, ಇಲ್ಲಿ ಇದ್ದು ಇಲ್ಲಿನ ಅನ್ನ ತಿನ್ನುವವನಾಗಿ ಕಾಳಜಿಯಿಂದ ಹೇಳುತ್ತಿದ್ದೇನೆ. ತ್ರಿಪಕ್ಷೀಯ ಒಪ್ಪಂದ ಜಾರಿಗೆ ತಂದ ಆ 14 ದೇಶಗಳಲ್ಲಿ ತಾಂಜಾನಿಯಾ ಇರಲಿಲ್ಲ. ಕಾಂಗೋ, ಮೊಜಾಂಬಿಕ್ ಕೂಡ ಇರಲಿಲ್ಲ. ದಾರ್ ಬಂದರಿನ ಸರಕಿನ ದೊಡ್ಡ ಪಾಲು ಜಾಂಬಿಯಾಕ್ಕೂ ಕಾಂಗೋಗೂ ಹೋಗುತ್ತದೆ. ದಾರಿಯಲ್ಲೇ ಇರುವ ದೇಶಗಳು ಹೊರಗೆ ನಿಂತರೆ ಆ ಒಪ್ಪಂದ ನಕ್ಷೆಯ ಮೇಲೆ ಮಾತ್ರ ಚೆಂದ. ಜಾಂಬಿಯಾದ ಶರ್ಟು ತಾಂಜಾನಿಯಾಕ್ಕೆ ಬರುವ, ತಾಂಜಾನಿಯಾದ ಅಕ್ಕಿ, ಸಿಮೆಂಟು, ಸೋಪು ಜಾಂಬಿಯಾಕ್ಕೆ ಹೋಗುವ ಈ ಗಡಿಯಲ್ಲಿ, ತುಂಡುಮಾ ಮತ್ತು ನಕೊಂಡೆಯಲ್ಲಿ, ಮೊದಲು ಪ್ರಯೋಗ ಮಾಡಿ. ಅಲ್ಲಿ ಒಂದೇ ಸರ್ಟಿಫಿಕೇಟ್ ನಡೆಯುವ ದಿನಾಂಕ ಯಾವುದು ಅಂತ ಮುಂದಿನ ತ್ರಿಪಕ್ಷೀಯ ಶೃಂಗಸಭೆಯ ಘೋಷಣೆಯಲ್ಲಿ ಬರೆಯಿರಿ. ತಿಂಗಳು, ವರ್ಷ ಎರಡೂ ಇರಲಿ. ಆ ಪುಟವನ್ನು ಕಿಸ್ವಾಹಿಲಿಯಲ್ಲೂ ಬೆಂಬಾದಲ್ಲೂ ಅಚ್ಚು ಮಾಡಿಸಿ, ತಲೆಯ ಮೇಲೆ ಮೂಟೆ ಹೊತ್ತು ಗಡಿ ದಾಟುವ ಹೆಂಗಸರಿಗೆ ಕಾಣುವ ಕಡೆ ಅಂಟಿಸಿ.

ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ,
ದಾರ್ ಎಸ್ ಸಲಾಂನಲ್ಲಿರುವ ಒಬ್ಬ ಕನ್ನಡಿಗ